‘ಹೂಳು’ ತಂಡದ ಗಂಟಲು

ಚಿಕ್ಕಮ್ಮನಿಗೆ ಹೆದರಿಕೆ ಎನ್ನುವುದು ಹುಟ್ಟಿನ ಜೊತೆಗೇ ಬಂದದ್ದು. ಹಲ್ಲಿಗೆ ಹೆದರುತ್ತಿದ್ದಳು, ಲಿಫ್ಟಿಗೆ ಹೆದರುತ್ತಿದ್ದಳು, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ನಿಲ್ಲುವವರೆಗೂ ಅದನ್ನೇ ನೋಡುತ್ತ ಕೂರುತ್ತಿದ್ದಳು. ಕುಕ್ಕರ್ ಕೂಗುವ ಸೂಚನೆ ಸಿಕ್ಕಿದರೆ ಅಡುಗೆಮನೆ ಬಿಟ್ಟು ವರಾಂಡಕ್ಕೆ ಬಂದು ನಿಲ್ಲುತ್ತಿದ್ದಳು. ರಸ್ತೆ ದಾಟಬೇಕಾದರೆ ಪಕ್ಕದಲ್ಲಿ ಯಾರಾದರೂ ಬರಲಿ ಎಂದು ಕಾಯುತ್ತಿದ್ದಳು. ಆ ಯಾರಾದರೂ ಸ್ಕೂಲ್ ಬ್ಯಾಗು ಹೊತ್ತ ಪುಟಾಣಿಯಾದರೂ ಸರಿ, ಅದರ ಬೆನ್ನ ಹಿಂದೆಯೇ ದಾಟುತ್ತಿದ್ದಳು. ನಲವತ್ತರ ಹತ್ತಿರ ಬಂದ ಹೆಂಗಸು ಹೀಗಾ ಎಂದು ನಿಮಗೆ ನಗು ಬರಬಹುದು. ನಗಿ, ತೊಂದರೆಯಿಲ್ಲ. ಅವಳ ಸ್ವಂತ ಅಕ್ಕನೇ ನಗುತ್ತಿದ್ದಳು.

ಇಷ್ಟು ಪುಕ್ಕಲಾದ ಈ ಹೆಂಗಸೇ ‘ಹೂಳು’ ಎಂಬ ತಂಡದ ಗಂಟಲು ಎಂದರೆ ಯಾರೂ ನಂಬುವುದಿಲ್ಲ. ಯಾರೂ ನಂಬಬಾರದು ಎನ್ನುವುದೇ ತಂಡದ ನಿಯಮವೂ ಆಗಿತ್ತು.

‘ಹೂಳು’ ಒಂದು ಮೆಟಲ್ ತಂಡ. ಮೆಟಲ್ಲಿನಲ್ಲೂ ತೀರಾ ಘೋರವಾದ ಬಗೆ. ಅದರಲ್ಲಿ ಡ್ರಮ್ಮು ಉಸಿರಾಡಲು ಬಿಡುವುದಿಲ್ಲ, ಗಿಟಾರು ಕಿವಿಯನ್ನು ಹೆರೆಯುತ್ತದೆ, ಹಾಡುವವರು ಹಾಡುವುದೇ ಇಲ್ಲ. ಗಂಟಲ ಬುಡದಿಂದ ಗುರುಗುಟ್ಟುತ್ತಾರೆ. ಅದನ್ನು ಕೇಳಲೆಂದೇ ಕಪ್ಪು ಶರ್ಟು ತೊಟ್ಟ ಒಂದಷ್ಟು ಜನ ಊರಾಚೆಯ ಖಾಲಿ ಶೆಡ್ಡುಗಳಿಗೆ ಬರುತ್ತಾರೆ, ಕುತ್ತಿಗೆ ಮುರಿಯುವ ಹಾಗೆ ತಲೆ ಕುಣಿಸುತ್ತಾರೆ, ಆಮೇಲೆ ಸಭ್ಯರ ಹಾಗೆ ಸಾಲಾಗಿ ನಿಂತು ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಪೇಪರಿನವರಿಗಾಗಲಿ ಟೀವಿಯವರಿಗಾಗಲಿ ಇವರ ಸುದ್ದಿ ಬೇಡ. ಇವರಿಗೂ ಅವರು ಬೇಡ.

ತಂಡದಲ್ಲಿ ನಾಲ್ವರು. ಗಿಟಾರು ಬಾರಿಸುವವನು ಅಕ್ಕನ ಮಗ. ಗಡ್ಡ ಎದೆಯವರೆಗೆ ಇಳಿದಿದ್ದರೂ ಮನೆಯಲ್ಲಿ ಅವನಿನ್ನೂ ಪುಟ್ಟನೇ. ಡ್ರಮ್ಮು ಬಾರಿಸುವವನಿಗೆ ಹಾಸಿಗೆ ಅಂಗಡಿಯಲ್ಲಿ ಕೆಲಸ. ಅವನನ್ನು ಎಲ್ಲರೂ ‘ಹಾಸಿಗೆ’ ಎಂದೇ ಕರೆಯುತ್ತಿದ್ದರು, ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ. ಬೇಸ್ ಗಿಟಾರು ಮೇಷ್ಟ್ರದು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಭಾನುವಾರ ಬಂದರೆ ಕೊಳೆತ ಹೆಣಗಳ ಮೇಲೆ ಹಾಡು ಬರೆಯುತ್ತಿದ್ದರು. ನಾಲ್ಕನೆಯವಳು ಚಿಕ್ಕಮ್ಮ. ಪುಟ್ಟ ಹಾಗೆ ಕರೆಯುತ್ತಾನೆಂದು ಉಳಿದ ಇಬ್ಬರೂ ಹಾಗೇ ಕರೆಯುತ್ತಿದ್ದರು. ಮೇಷ್ಟ್ರು ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು, ಆದರೂ ಅವರ ಬಾಯಲ್ಲೂ ಚಿಕ್ಕಮ್ಮನೇ.

ಅವಳು ತಂಡಕ್ಕೆ ಸೇರಿದ್ದು ಒಂದು ಹಲ್ಲಿಯ ದೆಸೆಯಿಂದ. ಮೊದಲಿದ್ದ ಹಾಡುಗಾರ ಮೇಷ್ಟ್ರ ಜೊತೆ ಜಗಳವಾಡಿ ಬಿಟ್ಟುಹೋಗಿದ್ದ. ಅದಾದ ಮೇಲಿನ ಒಂದು ಭಾನುವಾರ ಪುಟ್ಟ ಮರೆತುಹೋದ ಊಟದ ಡಬ್ಬಿ ಕೊಡಲು ಚಿಕ್ಕಮ್ಮ ಹಾಸಿಗೆ ಅಂಗಡಿಯ ಹಿಂದಿನ ಗೋದಾಮಿಗೆ ಹೋದಳು. ಗೋಡೆಯುದ್ದಕ್ಕೂ ಸೂರಿನವರೆಗೆ ಹಾಸಿಗೆ ಪೇರಿಸಿದ್ದರಿಂದ ಒಳಗೆ ಎಷ್ಟು ಬಡಿದರೂ ಹೊರಗೆ ಪಿಟ್ಟೆನ್ನುತ್ತಿರಲಿಲ್ಲ. ಅದಕ್ಕೇ ಅವರ ತಾಲೀಮು ಅಲ್ಲಿ. ಹೊಸ್ತಿಲು ದಾಟಿದ್ದಳೋ ಇಲ್ಲವೋ, ಹಾಸಿಗೆಯ ಅಟ್ಟಿಯ ಮೇಲಿಂದ ಹಲ್ಲಿಯೊಂದು ನೇರ ಅವಳ ಹೆಗಲಿಗೇ ಬಿತ್ತು. ಅವಳ ಬಾಯಿಂದ ಹೊರಟದ್ದು ಕಿರುಚಾಟವಲ್ಲ. ಹೊಟ್ಟೆಯ ಕೆಳಗೆಲ್ಲೋ ಹುಟ್ಟಿ, ಎದೆಯನ್ನು ಉಜ್ಜಿಕೊಂಡು ಮೇಲೆ ಬಂದ ಒಂದು ಗರ್ಜನೆ. ಡ್ರಮ್ಮಿನ ಮುಂದೆ ಕೂತಿದ್ದ ‘ಹಾಸಿಗೆ’ಯ ಕೈಯಿಂದ ಕೋಲು ಜಾರಿಬಿತ್ತು. ಮೇಷ್ಟ್ರು ಮೆಲ್ಲಗೆ ಹತ್ತಿರ ಬಂದರು.

“ಮೇಡಂ, ಅದನ್ನ ಇನ್ನೊಂದು ಸಲ ಮಾಡ್ತೀರಾ?” ಎಂದು ಕೇಳಿದರು.

“ಹಲ್ಲಿ ಎಲ್ಲಿ ಹೋಯ್ತು, ಮೊದಲು ಅದನ್ನ ಹೇಳಿ,” ಎಂದಳು ಚಿಕ್ಕಮ್ಮ.

ಮೇಷ್ಟ್ರಿಗೆ ತಂಡದ ಬಗ್ಗೆ ಒಂದು ಸಿದ್ಧಾಂತವಿತ್ತು. “ಜನ ಸಾವಿಗೆ ಹೆದರ್ತಾರೆ, ಅದಕ್ಕೇ ಜೀವನಪೂರ್ತಿ ತಮಗೆ ತಾವೇ ಸುಳ್ಳು ಹೇಳ್ಕೋತಾರೆ. ನಾವು ಹೆದರಲ್ಲ. ಮಣ್ಣಾಗೋದೊಂದೇ ನಿಜ, ಮಿಕ್ಕಿದ್ದೆಲ್ಲ ಶೇಷ,” ಎನ್ನುತ್ತಿದ್ದರು. ಆದ್ದರಿಂದ ‘ಹೂಳು’ ತಂಡಕ್ಕೆ ಮುಖವಿಲ್ಲ, ಹೆಸರಿಲ್ಲ. ವೇದಿಕೆಯ ಮೇಲೆ ನಾಲ್ವರೂ ತಲೆಯಿಂದ ಎದೆಯವರೆಗೆ ಕಪ್ಪು ಮುಸುಕು ಹಾಕಿಕೊಳ್ಳುತ್ತಿದ್ದರು. ಈ ಬಗೆಯ ತಂಡಗಳು ಈಗಲೂ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡುತ್ತವೆ; ಇವರ ಕ್ಯಾಸೆಟ್ಟಿನ ಮೇಲೆ ಹೆಸರಿನ ಬದಲು ‘ಗಂಟಲು, ತಂತಿ, ದಪ್ಪ ತಂತಿ, ತೊಗಲು’ ಎಂದಷ್ಟೇ ಇರುತ್ತಿತ್ತು. ಯಾರು ಯಾರೆಂದು ಮನೆಯವರಿಗೂ ಹೇಳುವಂತಿಲ್ಲ. ಹೆಡ್‌ಮಾಸ್ಟರಿಗೆ ಗೊತ್ತಾದರೆ ಮೇಷ್ಟ್ರ ಕೆಲಸಕ್ಕೇ ಸಂಚಕಾರ ಎನ್ನುವುದೂ ಈ ಸಿದ್ಧಾಂತದ ಹಿಂದೆ ಇತ್ತು, ಅದನ್ನು ಮಾತ್ರ ಅವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಮುಸುಕು ಹೊಲಿದುಕೊಟ್ಟವಳು ಅಕ್ಕನೇ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬಟ್ಟೆ ರಿಪೇರಿ ಮಾಡುತ್ತಿದ್ದಳು. ಭಾವ ತೀರಿಹೋದ ಮೇಲೆ ಮನೆ ನಡೆಯುತ್ತಿದ್ದದ್ದು ಆ ಮಷೀನಿನಿಂದ ಮತ್ತು ಚಿಕ್ಕಮ್ಮನ ಸಂಬಳದಿಂದ. ಯಾವುದೋ ಶಾಲೆಯ ನಾಟಕಕ್ಕೆ ಬೇಕು ಎಂದು ಪುಟ್ಟ ಹೇಳಿದಾಗ ಅವಳು ಕಪ್ಪು ಬಟ್ಟೆಯನ್ನು ಮೇಲೆ ಕೆಳಗೆ ಮಾಡಿ ನೋಡಿದ್ದಳು. “ಎಂಥ ನಾಟಕನೋ ಇದು, ಎಲ್ಲರೂ ನೇಣು ಹಾಕೋರೇ ಇದ್ದಾರಲ್ಲ,” ಎಂದಿದ್ದಳು. ಒಂದು ಮುಸುಕು ಸಣ್ಣದಾಗಬೇಕು ಎಂದಾಗ, “ಏ, ತಲೆ ಕೊಡೆ ಇಲ್ಲಿ,” ಎಂದು ಪಕ್ಕದಲ್ಲಿ ಕೂತಿದ್ದ ತಂಗಿಯ ತಲೆಗೇ ಟೇಪು ಸುತ್ತಿ ಅಳತೆ ತೆಗೆದಳು. ಹಾಗಾಗಿ ಅದು ಚಿಕ್ಕಮ್ಮನಿಗೆ ಹೇಳಿ ಮಾಡಿಸಿದಂತೆ ಕೂತಿತು.

ಚಿಕ್ಕಮ್ಮನ ಕೆಲಸ ಲೈಬ್ರರಿಯಲ್ಲಿ. ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ, ಬೆನ್ನು ಕಟ್ಟಿ, ಮತ್ತೆ ಕಪಾಟಿಗೆ ಕಳಿಸುವುದು. ದಿನವಿಡೀ ಪಿಸುಮಾತು, ಅಲ್ಲಿ ಯಾರೂ ದನಿ ಎತ್ತುವಂತಿಲ್ಲ. ಮನೆಯಲ್ಲಿ ಅಕ್ಕ ಒಬ್ಬಳೇ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದಳು. ಹೀಗೆ ವಾರವೆಲ್ಲ ಒಳಗೇ ಉಳಿದ ದನಿ, ವಾರವೆಲ್ಲ ಒಳಗೇ ಸೇರಿದ ಹೆದರಿಕೆ, ಭಾನುವಾರ ಮುಸುಕಿನೊಳಗಿಂದ ಧುಮುಕುತ್ತಿತ್ತು. ಹಾಡಿ ಮುಗಿದ ಮೇಲೆ ಅರ್ಧ ದಿನವಾದರೂ ಅವಳಿಗೆ ಯಾವುದರ ಭಯವೂ ಇರುತ್ತಿರಲಿಲ್ಲ. ರಸ್ತೆಯನ್ನು ಒಬ್ಬಳೇ ದಾಟುತ್ತಿದ್ದಳು. ಆ ಅರ್ಧ ದಿನಕ್ಕೋಸ್ಕರ ಅವಳು ಏನು ಬೇಕಾದರೂ ಕೊಡಲು ತಯಾರಿದ್ದಳು. ಸ್ಟಾಕ್ ಚೆಕಿಂಗ್ ಇದೆ ಎಂದು ಅಕ್ಕನಿಗೆ ಹೇಳಿ ಮನೆಯಿಂದ ಹೊರಬೀಳುವುದು ಅಭ್ಯಾಸವಾಗಿಬಿಟ್ಟಿತು.

ಇನ್ನೊಂದು ಸಮಾಧಾನವೂ ಇತ್ತು. ಈ ಸಂಗೀತದಲ್ಲಿ ಹಾಡಿನ ಮಾತು ಯಾರಿಗೂ ತಿಳಿಯುವುದಿಲ್ಲ. ಮೇಷ್ಟ್ರು ರಾತ್ರಿಗಟ್ಟಲೆ ಕೂತು ಹುಳ, ಬೂದಿ, ಶೂನ್ಯ ಎಂದೆಲ್ಲ ಪ್ರಾಸ ಕೂಡಿಸುತ್ತಿದ್ದರು. ಅವಳ ಬಾಯಲ್ಲಿ ಅದೆಲ್ಲ ಒಂದೇ ಗುಡುಗಾಗಿ ಬರುತ್ತಿತ್ತು. ಒಮ್ಮೆ ಸಾಲು ಮರೆತುಹೋಗಿ, “ಮೌನವಾಗಿರಿ, ಪುಟಗಳನ್ನು ಮಡಿಸಬೇಡಿ, ಒಳಗೆ ತಿಂಡಿ ತರಬೇಡಿ,” ಎಂದು ಲೈಬ್ರರಿಯ ಬೋರ್ಡನ್ನೇ ಗುರುಗುಟ್ಟಿದ್ದಳು. ಜನ ಹುಚ್ಚೆದ್ದು ಕುಣಿದರು. ಮೇಷ್ಟ್ರಿಗೂ ಗೊತ್ತಾಗಲಿಲ್ಲ.

ಅಕ್ಕನಿಗೆ ಈ ಗಲಾಟೆಯೆಂದರೆ ಮೈಯುರಿ. ಪುಟ್ಟ ತನ್ನ ಕೋಣೆಯಲ್ಲಿ ಅದನ್ನು ಹಾಕಿದಾಗಲೆಲ್ಲ ಮಷೀನು ತುಳಿಯುತ್ತಲೇ, “ಪಾಪ, ಆ ಮನುಷ್ಯನಿಗೆ ಹೊಟ್ಟೆನೋವೇನೋ. ಯಾರಾದರೂ ಒಂದು ಮಾತ್ರೆ ಕೊಡಬಾರದಾ,” ಎನ್ನುತ್ತಿದ್ದಳು. ಚಿಕ್ಕಮ್ಮ ತಲೆ ತಗ್ಗಿಸಿ ನಗುತ್ತಿದ್ದಳು.

ನಗು ನಿಂತದ್ದು ಒಂದು ನೆಗಡಿಯ ನಂತರ. ನೆಗಡಿ ಹೋಯಿತು, ಗಂಟಲು ಮಾತ್ರ ಸರಿಹೋಗಲಿಲ್ಲ. ಪುಸ್ತಕದ ಧೂಳು ಎಂದುಕೊಂಡಳು. ಅಕ್ಕ ಬಿಸಿನೀರು ಕಾಯಿಸಿಕೊಟ್ಟಳು, “ಬಾಯಿಗೆ ಬಟ್ಟೆ ಕಟ್ಕೊಂಡು ಕೆಲಸ ಮಾಡೆ,” ಎಂದು ಬೈದಳು. ಪಿಸುಮಾತಿನ ಲೈಬ್ರರಿಯಲ್ಲಿ ದನಿ ಒಡೆದದ್ದು ಯಾರ ಗಮನಕ್ಕೂ ಬರಲಿಲ್ಲ. ಆದರೆ ಗೋದಾಮಿನಲ್ಲಿ ಬಂತು. ಆ ಭಾನುವಾರ ಅವಳು ಹಾಡತೊಡಗಿದಾಗ ಹಾಸಿಗೆ ಡ್ರಮ್ಮು ಬಡಿಯುವುದನ್ನೇ ನಿಲ್ಲಿಸಿದ.

“ಚಿಕ್ಕಮ್ಮ, ಇದೇನು ದನಿ ನಿಮ್ಮದು. ನೆಲದೊಳಗಿಂದ ಬಂದ ಹಾಗಿದೆ.”

“ಈಗ ಹಾಡು ನಿಮಗೆ ಅರ್ಥ ಆಗಿದೆ,” ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನೀರಿತ್ತು. “ಇಷ್ಟು ದಿನ ಬಾಯಿಂದ ಹಾಡ್ತಿದ್ರಿ, ಈಗ ಗೋರಿಯಿಂದ ಹಾಡ್ತಿದೀರಿ.”

ಬೇರೆ ಯಾವ ಹಾಡುಗಾರ್ತಿಯ ದನಿ ಹೀಗೆ ಕೆಟ್ಟಿದ್ದರೂ ಮೊದಲ ದಿನವೇ ಯಾರಾದರೂ ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಇವರೋ, ಚಪ್ಪಾಳೆ ತಟ್ಟಿದರು. ಕೆಟ್ಟಷ್ಟೂ ಹೊಗಳಿದರು. ಅವರದು ತಪ್ಪು ಎನ್ನಲೂ ಬಾಯಿ ಬರುವುದಿಲ್ಲ. ಅವರ ಕಿವಿ ಕಲಿತದ್ದೇ ಅದನ್ನು. ಚಿಕ್ಕಮ್ಮನಿಗೂ ಹೊಗಳಿಕೆ ಹಿತವಾಗಿತ್ತು. ಆದರೆ ತುತ್ತು ನುಂಗುವಾಗ ಎಡಗಡೆ ಏನೋ ತಡೆಯುತ್ತಿತ್ತು. ತಡೆದಾಗಲೆಲ್ಲ ಹೆದರಿ ತಟ್ಟೆ ಸರಿಸಿ ಏಳುತ್ತಿದ್ದಳು.

ಏಕೆಂದರೆ ಅಪ್ಪ ಹೋದದ್ದೂ ಗಂಟಲಿನಿಂದಲೇ. ಅಪ್ಪ ಬಸ್ ಕಂಡಕ್ಟರ್. ನಿಲ್ದಾಣದ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಇಳಿಯುತ್ತಿದ್ದರಂತೆ. ಆ ದನಿ ಮೊದಲು ಒಡೆಯಿತು, ಆಮೇಲೆ ಸೊರಗಿತು, ಕೊನೆಗೆ ಇಲ್ಲವಾಯಿತು. ಅವರನ್ನು ನೋಡಿಕೊಂಡವಳು ಅಕ್ಕ. ಚಿಕ್ಕಮ್ಮನಿಗೆ ಆಗ ಆ ಕೋಣೆಯೊಳಗೆ ಕಾಲಿಡುವುದಕ್ಕೂ ಹೆದರಿಕೆ. ಬಾಗಿಲ ಹೊರಗೆ ನಿಂತು ಬಟ್ಟಲು ಕೊಟ್ಟು ಓಡುತ್ತಿದ್ದಳು. ಅಪ್ಪನ ಕೊನೆಯ ದಿನಗಳ ಉಸಿರು ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ, ಕಿವಿ ಮುಚ್ಚಿಕೊಂಡಿದ್ದಳು.

ಈಗ ಕಿವಿ ಮುಚ್ಚಿಕೊಂಡರೂ ಸಾಲುತ್ತಿರಲಿಲ್ಲ. ಲೈಬ್ರರಿಯ ಬಾತ್‌ರೂಮಿನಲ್ಲಿ ಫೋನಿನ ಟಾರ್ಚು ಹಚ್ಚಿ ಕನ್ನಡಿಯ ಮುಂದೆ ಬಾಯಿ ತೆರೆಯುತ್ತಿದ್ದಳು, ಏನಾದರೂ ಕಂಡುಬಿಟ್ಟರೆ ಎಂದು ಹೆದರಿ ತಕ್ಷಣ ಮುಚ್ಚುತ್ತಿದ್ದಳು. ಅವಳ ಗ್ರಹಚಾರಕ್ಕೆ ಅದೇ ವಾರ ವೈದ್ಯಕೀಯದ ಒಂದು ದಪ್ಪ ಪುಸ್ತಕ ಬೆನ್ನು ಮುರಿದುಕೊಂಡು ಅವಳ ಮೇಜಿಗೆ ಬಂತು. ಕಿತ್ತುಬಂದ ಹಾಳೆಗಳ ಮೇಲೆ ಗಂಟಲಿನ ಚಿತ್ರ. ಅದನ್ನು ಅಟ್ಟಿಯ ತಳಕ್ಕೆ ತಳ್ಳಿದಳು. ಮೇಲಿನ ಪುಸ್ತಕಗಳಿಗೆ ಅಂಟು ಹಚ್ಚಿ ಮುಗಿಸಿದಂತೆಲ್ಲ ಅದು ಮೇಲಕ್ಕೆ ಬರುತ್ತಿತ್ತು. ಅದು ಬರದಿರಲಿ ಎಂದು ಚೆನ್ನಾಗಿಯೇ ಇದ್ದ ಕಥೆಪುಸ್ತಕಗಳನ್ನು ಕಪಾಟಿನಿಂದ ತಂದು ಅದರ ಮೇಲೆ ಹೇರತೊಡಗಿದಳು. ಲೈಬ್ರರಿಯನ್ನರು ಒಂದು ದಿನ ಬಂದು, “ಇವು ಹರಿದಿಲ್ವಲ್ಲ ಮೇಡಂ,” ಎಂದು ಪಿಸುಗುಟ್ಟಿದರು. “ಹರಿಯೋ ಹಾಗಿವೆ ಸಾರ್,” ಎಂದು ಇವಳು ಪಿಸುಗುಟ್ಟಿದಳು.

ಡಾಕ್ಟರ ಹತ್ತಿರ ಹೋಗಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೋದರೆ ಅವರು ಹೇಳಿಬಿಡುತ್ತಾರೆ. ಹೇಳದಿರುವವರೆಗೆ ಅದು ಧೂಳು, ನೆಗಡಿ, ತಾಲೀಮು. ಹೇಳಿದ ಮೇಲೆ ಅದು ಅಪ್ಪನ ಕೋಣೆ. ಅಕ್ಕನಿಗೆ ಹೇಳೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ. ಅಪ್ಪನನ್ನು ಕಳಿಸಿಕೊಟ್ಟ ಆ ಕೈಗಳಿಗೆ ಮತ್ತೆ ಅದೇ ಕೆಲಸ ಕೊಡುವುದೇ? ತಂಡದವರಿಗೆ ಹೇಳೋಣವೆಂದರೆ ಅವರು ಸಾವಿಗೆ ಹೆದರದವರು. ಅವರ ಮುಂದೆ ಹೆದರಿಕೆಯ ಮಾತು ತೆಗೆಯಲು ಅವಳಿಗೆ ನಾಚಿಕೆ.

ಹೊಸ ಕ್ಯಾಸೆಟ್ಟಿನ ರೆಕಾರ್ಡಿಂಗ್ ಗೋದಾಮಿನಲ್ಲೇ ನಡೆಯಿತು. ಕೊನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು ಅವಳ ದನಿಯೊಂದೇ ಉಳಿಯಬೇಕು. ಆ ಜಾಗಕ್ಕೆ ಮೇಷ್ಟ್ರು ‘ನನಗೆ ಭಯವಿಲ್ಲ, ಮಣ್ಣೇ ಬಾ’ ಎಂಬ ಸಾಲನ್ನು ಬರೆದಿದ್ದರು. ಚಿಕ್ಕಮ್ಮ ಮುಸುಕು ಎಳೆದುಕೊಂಡಳು, ಕಣ್ಣು ಮುಚ್ಚಿದಳು, ದನಿ ಬಿಟ್ಟಳು. ಉದ್ದಕ್ಕೆ, ಮತ್ತೆ ಮತ್ತೆ, ಉಸಿರು ಪೂರ್ತಿ ಬರಿದಾಗುವವರೆಗೆ. ಬರಿದಾದ ಮೇಲೆ ಗಾಳಿ ಎಳೆದುಕೊಂಡಾಗ ಗಂಟಲಲ್ಲಿ ಸಣ್ಣಗೆ ಸಿಳ್ಳೆಯಂಥ ಸದ್ದಾಯಿತು.

“ಅದನ್ನ ಕತ್ತರಿಸಬೇಡ ಕಣೋ,” ಎಂದ ಹಾಸಿಗೆ. “ಆ ಸಿಳ್ಳೆ ಇದೆಯಲ್ಲ, ಅದನ್ನೇ ಜೋರು ಮಾಡು. ಅದನ್ನ ಕೇಳಿದ್ರೆ ಮೈ ಜುಮ್ಮನ್ನುತ್ತೆ.”

ಪುಟ್ಟ ಜೋರು ಮಾಡಿದ. ಚಿಕ್ಕಮ್ಮ ಮುಸುಕು ತೆಗೆಯದೆ ಹಾಸಿಗೆಯ ಅಟ್ಟಿಗೆ ಒರಗಿ ಕೂತಿದ್ದಳು.

ಮರುದಿನ ಸಂಜೆ ಪುಟ್ಟ ತನ್ನ ಕೋಣೆಯಲ್ಲಿ ಆ ಹಾಡನ್ನು ಹದಮಾಡುತ್ತ ಕೂತಿದ್ದ. ಚಿಕ್ಕಮ್ಮ ಮಂಚದ ತುದಿಯಲ್ಲಿ ಕೂತು ಬಿಚ್ಚಿಹೋದ ತನ್ನ ಮುಸುಕಿನ ಅಂಚಿಗೆ ಹೊಲಿಗೆ ಹಾಕುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಅಕ್ಕನ ಮಷೀನು ಓಡುತ್ತಿತ್ತು. ಕೊನೆಯ ಹಾಡು ಬಂತು, ವಾದ್ಯಗಳು ನಿಂತವು, ಆ ದನಿ ಬಂತು, ಆ ಸಿಳ್ಳೆ ಬಂತು. ಮಷೀನು ನಿಂತಿತು.

ಹೊಟ್ಟೆನೋವಿನ ಮಾತು ಈಗ ಬರುತ್ತದೆ ಎಂದು ಚಿಕ್ಕಮ್ಮ ಕಾದಳು. ಬರಲಿಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತಳು. ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು.

“ಅದನ್ನ ಇನ್ನೊಂದು ಸಲ ಹಾಕೋ,” ಎಂದಳು.

“ಯಾಕಮ್ಮ?”

“ಹಾಕು ಅಂದೆ.”

ಪುಟ್ಟ ಹಾಕಿದ. ಅಕ್ಕ ತಲೆ ಓರೆ ಮಾಡಿ ಕೇಳಿದಳು. ಸಿಳ್ಳೆ ಬಂದಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಯಾರೋ ಇದು?”

“ನಮ್ಮ ಹಾಡುಗಾರ.”

“ಡಾಕ್ಟರಿಗೆ ತೋರಿಸ್ಕೊಂಡಿದ್ದಾನಾ?”

ಪುಟ್ಟನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಅದು ಹಾಡೋ ರೀತಿ ಅಮ್ಮ. ಬೇಕು ಅಂತಲೇ ಹಾಗೆ ಹಾಡೋದು.”

“ಹಾಡೋದು ಬೇಕು ಅಂತ ಇರಬಹುದು ಕಣೋ. ಉಸಿರು ಎಳ್ಕೊಳ್ಳೋದನ್ನ ಯಾರೂ ಬೇಕು ಅಂತ ಹಾಗೆ ಎಳ್ಕೊಳ್ಳಲ್ಲ.” ಅವಳ ದನಿ ಮೆತ್ತಗಾಗಿತ್ತು. “ನಿನ್ನ ತಾತ ಹೀಗೇ ಎಳ್ಕೋತಿದ್ರು. ಇದೇ ಸದ್ದು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಕೇಳಿದೀನಿ, ನನಗೆ ಮರೆಯುತ್ತಾ? ನಾವು ಬೇಗ ಕರ್ಕೊಂಡು ಹೋಗಲಿಲ್ಲ. ನೆಗಡಿ ಅಂದ್ಕೊಂಡ್ವಿ.”

ಪುಟ್ಟ ಮೆಲ್ಲಗೆ ಚಿಕ್ಕಮ್ಮನ ಕಡೆ ತಿರುಗಿದ. ಅವಳು ಬೇಡ ಎನ್ನುವಂತೆ ತಲೆಯಾಡಿಸಿದಳು.

“ಆ ಮನುಷ್ಯನಿಗೆ ಮನೆಯಲ್ಲಿ ಯಾರಿದ್ದಾರೆ?” ಎಂದಳು ಅಕ್ಕ. “ಹೆಂಡತಿ ಮಕ್ಕಳು?”

“ಅಕ್ಕ ಇದ್ದಾಳೆ,” ಎಂದ ಪುಟ್ಟ.

“ಹಾಗಾದ್ರೆ ಆ ಅಕ್ಕನ ನಂಬರ್ ಕೊಡು. ನಾನೇ ಮಾತಾಡ್ತೀನಿ. ಪಾಪ, ಅವಳಿಗೆ ಗೊತ್ತೇ ಇದೆಯೋ ಇಲ್ವೋ.”

ಚಿಕ್ಕಮ್ಮನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಅವಳಿಗೆ ನೋವಾಗಲಿಲ್ಲ. ಹಲ್ಲಿಗೆ, ಲಿಫ್ಟಿಗೆ, ಕುಕ್ಕರಿಗೆ ಹೆದರಿದ್ದೆಲ್ಲ ಈ ಒಂದು ಕ್ಷಣದ ಮುಂದೆ ಏನೂ ಅಲ್ಲ ಎನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಇನ್ನು ಸ್ವಲ್ಪ ಹೊತ್ತಿನಲ್ಲಿ ಮಷೀನಿಗೆ ಹಿಂದಿರುಗುತ್ತಾಳೆ, ಎಲ್ಲ ಮೊದಲಿನಂತೆಯೇ ಇರುತ್ತದೆ. ಅಪ್ಪನ ವಿಷಯದಲ್ಲೂ ಎಲ್ಲ ಹೀಗೇ ಮೊದಲಿನಂತೆಯೇ ಇತ್ತು.

“ಅಕ್ಕಾ,” ಎಂದಳು. “ಅದು ನಾನೇ.”

“ಏನು ನೀನೇ?”

“ಹಾಡಿರೋದು.”

ಅಕ್ಕ ಮೊದಲು ತಂಗಿಯನ್ನು ನೋಡಿದಳು, ಆಮೇಲೆ ಮಗನನ್ನು. “ತಮಾಷೆಗೂ ಒಂದು ಹೊತ್ತು ಗೊತ್ತು ಬೇಡ್ವೇನೆ. ಕುಕ್ಕರ್ ಕೂಗಿದ್ರೆ ಓಡಿಹೋಗೋಳು ನೀನು.”

ಚಿಕ್ಕಮ್ಮ ಸೂಜಿ ನೇತಾಡುತ್ತಿದ್ದ ಹಾಗೆಯೇ ಮುಸುಕನ್ನು ತಲೆಗೆ ಹಾಕಿಕೊಂಡಳು. ಆ ಸಣ್ಣ ಕೋಣೆಯಲ್ಲಿ, ಮೈಕಿಲ್ಲದೆ, ಮಂಚದ ತುದಿಯಲ್ಲಿ ಕೂತೇ, ಒಂದು ಸಲ ದನಿ ಬಿಟ್ಟಳು. ಕಿಟಕಿಯ ಗಾಜು ಕಂಪಿಸಿತು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಆಮೇಲೆ ಅವಳು ಗಾಳಿ ಎಳೆದುಕೊಂಡಳು. ಆ ಸದ್ದು ಈಗ ಸ್ಪೀಕರಿನ ಪೆಟ್ಟಿಗೆಯಿಂದ ಬರಲಿಲ್ಲ, ಕೈಗೆ ಎಟುಕುವಷ್ಟು ಹತ್ತಿರದಿಂದ ಬಂತು.

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ಅವಳು ಕೇಳುವುದಕ್ಕೆ ಎಷ್ಟೋ ಇತ್ತು: ಭಾನುವಾರದ ಸ್ಟಾಕ್ ಚೆಕಿಂಗು, ನಾಲ್ಕು ಮುಸುಕು, ಎಷ್ಟು ವರ್ಷದಿಂದ, ಯಾಕೆ ಹೇಳಲಿಲ್ಲ. ಏನೂ ಕೇಳಲಿಲ್ಲ. ಎದ್ದು ಬಂದು ತಂಗಿಯ ತಲೆಯ ಮೇಲಿಂದ ಮುಸುಕು ತೆಗೆದಳು, ನೇತಾಡುತ್ತಿದ್ದ ಸೂಜಿಯನ್ನು ಹುಷಾರಾಗಿ ಬಿಡಿಸಿ ತನ್ನ ಸೆರಗಿಗೆ ಚುಚ್ಚಿಕೊಂಡಳು.

“ಬೆಳಿಗ್ಗೆ ಮೊದಲನೇ ಟೋಕನ್ ನಮ್ಮದೇ ಆಗಬೇಕು,” ಎಂದಳು.

ಆಸ್ಪತ್ರೆಯ ಮೂರನೇ ಮಹಡಿಗೆ ಲಿಫ್ಟಿನಲ್ಲಿ ಹೋಗಬೇಕಿತ್ತು. ಅಕ್ಕ ತಾನಾಗಿಯೇ ಮೆಟ್ಟಿಲ ಕಡೆ ತಿರುಗಿದಳು. ಪುಟ್ಟ ತಂಡದವರಿಗೆ ಸುದ್ದಿ ಮುಟ್ಟಿಸಿದ್ದರಿಂದ ಅವರೂ ಬಂದಿದ್ದರು. ಕಪ್ಪು ಶರ್ಟಿನ ಮೇಲೆ ತಲೆಬುರುಡೆಯ ಚಿತ್ರ ಹೊತ್ತುಕೊಂಡು ಆಸ್ಪತ್ರೆಗೆ ಬರಬಾರದೆಂದು ಹಾಸಿಗೆಗೆ ಹೊಳೆದದ್ದು ಬಂದ ಮೇಲೆ. ಅವನು ಎದೆಗೆ ಕೈ ಕಟ್ಟಿಕೊಂಡು ಬುರುಡೆಯನ್ನು ಮುಚ್ಚಿಕೊಂಡು ನಿಂತಿದ್ದ. ಮೇಷ್ಟ್ರು ರಜೆ ಹಾಕಿ ಬಂದಿದ್ದರು. ಔಷಧಿಯ ವಾಸನೆಗೆ ಅವರ ಮುಖ ಬೆವರಿತ್ತು. ಗಾಲಿಕುರ್ಚಿಯಲ್ಲಿ ಯಾರೋ ಮೂಗಿಗೆ ನಳಿಗೆ ಹಾಕಿಸಿಕೊಂಡು ಹಾದುಹೋದರು. ಮಣ್ಣಾಗೋದೊಂದೇ ನಿಜ ಎನ್ನುತ್ತಿದ್ದ ಮೇಷ್ಟ್ರು ಬಾಯಿಗೆ ಕರ್ಚೀಫು ಒತ್ತಿಕೊಂಡು ಬಾತ್‌ರೂಮಿಗೆ ಓಡಿದರು.

ಡಾಕ್ಟರು ಹೆಂಗಸು, ಮಾತು ಕಡಿಮೆ. ಮೂಗಿನಿಂದ ಒಂದು ಸಣ್ಣ ಕ್ಯಾಮೆರಾ ಇಳಿಸಿದಾಗ ಚಿಕ್ಕಮ್ಮ ಅಕ್ಕನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು. ಪರದೆಯ ಮೇಲೆ ಅವಳ ಗಂಟಲ ಒಳಗು ಕಂಡಿತು. ಒಂದು ಕಡೆ ಬೆಳ್ಳಗೆ ಏನೋ ಬೆಳೆದಿತ್ತು.

“ದನಿ ಬದಲಾಗಿ ಎಷ್ಟು ದಿನ ಆಯ್ತು?”

“ತಿಂಗಳುಗಳೇ ಆಗಿವೆ.”

“ನಿಮಗೆ ಏನೂ ಅನ್ನಿಸಲಿಲ್ವಾ? ಸುತ್ತಮುತ್ತ ಇರೋರು ಯಾರೂ ಹೇಳಲಿಲ್ವಾ?”

“ಹೇಳಿದ್ರು,” ಎಂದಳು ಚಿಕ್ಕಮ್ಮ. “ತುಂಬಾ ಚೆನ್ನಾಗಿದೆ ಅಂದ್ರು.”

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳನ್ನು ವರ್ಣಿಸುವುದು ಬೇಡ. ಅಂಥ ದಿನಗಳನ್ನು ಕಂಡವರಿಗೆ ಗೊತ್ತು, ಕಾಣದವರು ಕಾಣದಿರಲಿ. ಬಂದ ಮೇಲೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅದು ಅದೇ, ಅಪ್ಪನಿಗೆ ಬಂದದ್ದೇ. ಆದರೆ ಇನ್ನೂ ಹರಡಿಲ್ಲ. ಇನ್ನಷ್ಟು ತಡಮಾಡಿದ್ದರೆ ತಾನು ಬೇರೆಯದೇ ಮಾತು ಆಡಬೇಕಾಗುತ್ತಿತ್ತು. ಆಪರೇಷನ್ ಮಾಡಿ ತೆಗೆಯಬಹುದು, ಜೀವಕ್ಕೆ ತೊಂದರೆಯಾಗಲಿಕ್ಕಿಲ್ಲ. ದನಿಯ ಬಗ್ಗೆ ಮಾತ್ರ ಯಾವ ಭರವಸೆಯನ್ನೂ ಕೊಡಲಾರೆ ಎಂದರು.

ಆಪರೇಷನ್ನಿನ ದಿನ ವಾರ್ಡಿನಲ್ಲಿ ಅಕ್ಕ ಮತ್ತು ತಂಡದ ಮೂವರೂ ಮಂಚದ ಸುತ್ತ ನಿಂತಿದ್ದರು. ಪುಟ್ಟ ಕಣ್ಣೆತ್ತಿ ನೋಡುತ್ತಿರಲಿಲ್ಲ.

“ಆ ರೆಕಾರ್ಡಿಂಗ್ ಅಳಿಸಿಹಾಕ್ತೀನಿ ಚಿಕ್ಕಮ್ಮ,” ಎಂದ. “ಅದು ನಿನ್ನ ದನಿ ಅಲ್ಲ, ಕಾಯಿಲೆದು. ಆ ಸಿಳ್ಳೆನ ನಾನು ಜೋರು ಮಾಡಿದೆ. ನನ್ನ ಕೈಯಾರೆ.”

“ನಾನೇ ಮಾಡು ಅಂದದ್ದು,” ಎಂದ ಹಾಸಿಗೆ. ಅವನು ಅಳುತ್ತಿದ್ದ.

“ಅಳಿಸಿಬಿಡು,” ಎಂದರು ಮೇಷ್ಟ್ರು. “ನಾನು ಬರೆದದ್ದನ್ನೂ ಹರಿದುಹಾಕ್ತೀನಿ. ಭಯ ಇಲ್ಲವಂತೆ. ಈ ಮೂರು ದಿನದಿಂದ ನನಗೆ ಅನ್ನ ಇಳಿದಿಲ್ಲ.”

ಚಿಕ್ಕಮ್ಮನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಆ ಹಾಡೊಂದೇ. ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದಳು.

“ಯಾರೂ ಏನೂ ಅಳಿಸೋ ಹಾಗಿಲ್ಲ.”

“ಅಮ್ಮ, ನಿನಗೆ ಅದನ್ನ ಕಂಡ್ರೆ ಆಗಲ್ವಲ್ಲ.”

“ಆಗಲ್ಲ. ಆದರೂ ಇರಲಿ. ನಿನ್ನ ತಾತ ಊರಿಗೇ ಕೇಳೋ ಹಾಗೆ ಕೂಗ್ತಿದ್ರು. ಈಗ ಕಣ್ಣು ಮುಚ್ಚಿ ನೆನಪಿಸ್ಕೊಂಡ್ರೆ ನನಗೆ ಆ ಸಿಳ್ಳೆ ಮಾತ್ರ ಕೇಳಿಸುತ್ತೆ, ಅವರ ದನಿ ಕೇಳಿಸಲ್ಲ. ಎಲ್ಲೂ ಇಟ್ಟಿಲ್ಲ ನಾವು.” ಕಣ್ಣೊರೆಸಿಕೊಂಡು ತನ್ನ ಫೋನನ್ನು ಮಗನ ಮುಂದೆ ಹಿಡಿದಳು. “ಇದರಲ್ಲಿ ಹಾಕಿಕೊಡು.”

ಪುಟ್ಟ ಹಾಕಿಕೊಟ್ಟು, ಇಯರ್‌ಫೋನನ್ನು ತಾಯಿಯ ಕಿವಿಗೆ ಸಿಕ್ಕಿಸಿದ. ಅಕ್ಕ ಮಂಚದ ಅಂಚಿನಲ್ಲಿ ಕೂತು, ಹುಬ್ಬು ಗಂಟಿಕ್ಕಿಕೊಂಡು, ಕಹಿ ಔಷಧಿ ನುಂಗುವವಳ ಹಾಗೆ ಪೂರ್ತಿ ಕೇಳಿದಳು. ನರ್ಸ್ ಬಂದು ಕರೆದೊಯ್ಯುವ ಹೊತ್ತಾಯಿತೆಂದು ಹೇಳಿದಳು. ಚಿಕ್ಕಮ್ಮನನ್ನು ಟ್ರಾಲಿಯ ಮೇಲೆ ಮಲಗಿಸಿದರು. ಹೊರಗೆ ಬಂದ ಮೇಲೆ ಬಹಳ ದಿನ ಒಂದು ಮಾತೂ ಆಡಬಾರದು, ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿಬಿಡಿ ಎಂದಳು ನರ್ಸ್.

ಅಕ್ಕ ಒಂದು ಕಿವಿಯಿಂದ ಇಯರ್‌ಫೋನು ತೆಗೆದಳು. “ಆ ಕೊನೆಯಲ್ಲಿ ಅಷ್ಟುದ್ದ ಏನೇ ಹೇಳ್ತಿದೀಯ? ಒಂದಕ್ಷರನೂ ತಿಳಿಯಲಿಲ್ಲ.”

“ನನಗೆ ಭಯವಿಲ್ಲ, ಮಣ್ಣೇ ಬಾ,” ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ, ತಪ್ಪು ಒಪ್ಪಿಕೊಳ್ಳುವವರಂತೆ.

ಚಿಕ್ಕಮ್ಮ ಟ್ರಾಲಿಯ ಮೇಲಿಂದ ತಲೆಯಾಡಿಸಿದಳು. “ಇಲ್ಲ ಮೇಷ್ಟ್ರೇ. ಅವತ್ತು ನಾನು ಅದನ್ನ ಹಾಡಲಿಲ್ಲ.” ದನಿ ಒಡೆದು ಒಡೆದು ಬರುತ್ತಿತ್ತು. ಅಕ್ಕ ಬಾಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು.

“ಅಕ್ಕಾ, ನನಗೆ ಭಯ ಆಗ್ತಿದೆ, ಬಾರೆ. ಅಷ್ಟೇ. ಅದನ್ನೇ ಮತ್ತೆ ಮತ್ತೆ ಕೂಗಿದೆ.”

ಅಕ್ಕ ಬಗ್ಗಿದವಳು ಹಾಗೇ ಉಳಿದಳು. ಉಳಿದ ಮೂವರೂ ಗೋಡೆ ನೋಡುತ್ತ ನಿಂತಿದ್ದರು. ನರ್ಸ್ ಟ್ರಾಲಿಯನ್ನು ತಳ್ಳತೊಡಗಿದಳು. ಅಕ್ಕ ತಂಗಿಯ ಕೈಹಿಡಿದು ಜೊತೆಯಲ್ಲೇ ನಡೆದಳು. ಇಯರ್‌ಫೋನಿನ ಇನ್ನೊಂದು ತುದಿ ಅವಳ ಕಿವಿಯಲ್ಲಿ ಅದೇ ಹಾಡನ್ನು ಮತ್ತೆ ಮೊದಲಿನಿಂದ ಗುರುಗುಟ್ಟುತ್ತಿತ್ತು.

“ಅಷ್ಟು ಜೋರಾಗಿ ಕರೆದಿದೀಯ,” ಎಂದಳು, ಆಪರೇಷನ್ ಕೋಣೆಯ ಬಾಗಿಲವರೆಗೂ ಕೈ ಬಿಡದೆ. “ಬಂದಿದೀನಿ ಕಣೆ. ಹೋಗಿ ಬಾ.”